ಸಾಣೆ ರಾಚಮ್ಮನ ಜಾಡು

"ಕಕ್ಕೆಮೋಳೆಗೆ ಇದೇ ದಾರಿಯೇನಜ್ಜಿ?" ಎಂದು ಸೈಕಲ್ ನಿಲ್ಲಿಸಿ ಕೇಳಿದಾಗ ನಾನು ಅದೇ ಹುಣಸೆಮರವನ್ನು ಎರಡನೇ ಸಲ ನೋಡುತ್ತಿದ್ದೆ. ಫೋನಿನ ನಕ್ಷೆ ಕಾಡಂಚಿಗೆ ಬಂದದ್ದೇ ಕೈಚೆಲ್ಲಿತ್ತು. ಮರದಡಿ ಕೂತು ಹುಣಸೆಹಣ್ಣು ಬಡಿದು ಬೀಜ ತೆಗೆಯುತ್ತಿದ್ದ ದೊಡ್ಡತಾಯಮ್ಮ ತಲೆಯನ್ನೂ ಎತ್ತಲಿಲ್ಲ.

"ಕಾಡ ಬಲಕ್ಕೆ ಮಡಿಕಂಡು ಓಗು."

ಎದುರಿಗೆ ಕಾಡು. ಎಡಕ್ಕೊಂದು ದಾರಿ, ಬಲಕ್ಕೊಂದು ದಾರಿ. ಬಲಗಡೆಯ ದಾರಿಯ ತುದಿಗೆ ಹೆಂಚಿನ ಮನೆಗಳು ಕಾಣುತ್ತಿದ್ದವು. ಅದೇ ಕಕ್ಕೆಮೋಳೆಯಲ್ಲವೇ ಎಂದೆ.

"ಊಂ, ಅದೇಯ."

"ಮತ್ತೆ ಹೀಗೇ ಹೋದರೆ ಆಯಿತಲ್ಲ?"

"ಕಾಣದು ಬ್ಯಾರೆ, ಓಗದು ಬ್ಯಾರೆ ಕನವ್ವ. ಇಂಗೋದ್ರೆ ಕಾಡು ಎಡಕ್ಕೆ ಬತ್ತದೆ."

"ಬಂದರೇನಂತೆ?"

ಈಗ ಅಜ್ಜಿ ತಲೆಯೆತ್ತಿದಳು. ನನ್ನನ್ನು ನೋಡಿದಳು, ಸೈಕಲ್ ನೋಡಿದಳು, ಮತ್ತೆ ನನ್ನನ್ನೇ ನೋಡಿದಳು. "ಭಾನುವಾರ ಬಿಗಿ ಚಡ್ಡಿ ಆಕ್ಕಂಡು ಸೈಕಲ್ಲಲ್ಲಿ ಬತ್ತರಲ್ಲ, ಆ ಐಕ್ಳೂ ಕೇಳಲ್ಲ ಇಂಥ ಮಾತ. ರಾಚಮ್ಮನ ಕತೆ ತಿಳೀದೆ ಇಲ್ಲಿಗಂಟ ಬಂದ್ಬುಟ್ಟಿದ್ದೀಯಲ್ಲ, ಕುಂತ್ಕ."

ಕೂತೆ. ಅವಳು ಹೇಳಿದ್ದು ಇದು.

ಯಾವ ದೊರೆಯ ಕಾಲ ಎಂದು ಕೇಳಬಾರದಂತೆ, ಆಗ ಸೈಕಲ್ ಇತ್ತೇ ಎಂದಂತೂ ಕೇಳಲೇಬಾರದಂತೆ. ಬಹಳ ಹಿಂದೆ, ಕಾಡಿಗೂ ಬೆಟ್ಟಕ್ಕೂ ನಡುವೆ ಸಿಕ್ಕಿಕೊಂಡ ಊರೊಂದಿತ್ತು. ಅದೇ ಕಕ್ಕೆಮೋಳೆ. ಅಲ್ಲೊಬ್ಬಳು ರಾಚಮ್ಮ. ಮಚ್ಚು, ಕತ್ತಿ, ಈಳಿಗೆಮಣೆಗಳಿಗೆ ಸಾಣೆ ಹಿಡಿಯುವವಳು. ಸೈಕಲ್ ಏರಿದ ಮೊದಲ ಹೆಂಗಸು ಅವಳೇ ಅಂತೆ. ಆ ಸೀಮೆಗೆ ಮೊದಲೋ ಲೋಕಕ್ಕೇ ಮೊದಲೋ ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

ಆ ಸೈಕಲ್ಲಿನ ಎಡಗಡೆಗೆ ಸಾಣೆಕಲ್ಲಿನ ಪೆಟ್ಟಿಗೆ ಕಟ್ಟಿತ್ತಂತೆ, ಬಸುರಿಯ ಹೊಟ್ಟೆಯ ಹಾಗೆ ಹೊರಕ್ಕೆ ಚಾಚಿಕೊಂಡು. ಊರು ಸಿಕ್ಕಿದಲ್ಲಿ ಸ್ಟ್ಯಾಂಡ್ ಹಾಕಿ, ಪೆಡಲು ತುಳಿದು ಕಲ್ಲು ತಿರುಗಿಸುವಳು. ಕಿಡಿ ಹಾರುವುದು. ಮತ್ತೆ ಹೊರಡುವಳು. ಕಾಡನ್ನು ಎಡಕ್ಕಿಟ್ಟುಕೊಂಡು ಹೊರಟರೆ ಪೆಟ್ಟಿಗೆ ಸೂರಿಮುಳ್ಳಿಗೆ ಸಿಕ್ಕಿ ಅವಳನ್ನೇ ಬೀಳಿಸುವುದು. ಅದಕ್ಕೇ ಅವಳು ಯಾವಾಗಲೂ ಕಾಡನ್ನು ಬಲಕ್ಕಿಟ್ಟುಕೊಂಡೇ ಹೋಗುವಳು. ನೋಡಿದವರು ದೇವರಿಗೆ ಪ್ರದಕ್ಷಿಣೆ ಹಾಕುತ್ತಾಳೆ ಎಂದು ಕೈಮುಗಿದರಂತೆ. ಅವಳೂ ಬೇಡವೆನ್ನಲಿಲ್ಲವಂತೆ.

ಉಳಿದವರಿಗೆಲ್ಲ ಕಾಡಿನೊಳಗಿನ ಕಾಲುದಾರಿಯೇ ಗತಿ. ಹೀಗಿರುವಾಗ ಒಂದು ಬೇಸಿಗೆಯಲ್ಲಿ ಕುದುರೆ ಏರಿ ಕಾಡಿನ ಸಾಹೇಬ ಬಂದನಂತೆ. ಕಾಡು ಇನ್ನು ಬೇಟೆಗೆ ಮೀಸಲು, ಒಳಗೆ ಯಾರೂ ಕಾಲಿಡುವಂತಿಲ್ಲ, ಹೊಲದ ಅಂಚಿನವರೆಗೂ ಬೇಲಿ ಬರುತ್ತದೆ ಎಂದನಂತೆ. ಹಾಗಾದರೆ ನಾವು ಓಡಾಡುವುದು ಎಲ್ಲಿ ಎಂದರು ಊರವರು. ನಕ್ಷೆ ಬಿಡಿಸಿ ತೋರಿಸಿದನಂತೆ. ನಿಮ್ಮೂರಿಗೆ ದಾರಿಯೇ ಇಲ್ಲ, ದಾರಿ ಇಲ್ಲದ ಊರು ಊರೇ ಅಲ್ಲ, ಕೆಳಗಿನ ಚೌಳು ಭೂಮಿಗೆ ಎಲ್ಲರೂ ಹೊರಡಿ ಎಂದನಂತೆ.

ಆಗ ರಾಚಮ್ಮ ಮುಂದೆ ಬಂದು, ಕಾಡಂಚಿನಲ್ಲಿ ನಾನು ಸುತ್ತುವುದು ದಾರಿಯಲ್ಲವೇ ಎಂದಳಂತೆ. ಸಾಹೇಬ ಇಳಿದು ನೋಡಿದ. ಹಾವು ಹರಿದ ಹಾಗೆ ಒಂದು ಗುರುತು, ಅದರ ತುಂಬ ಗರಿಕೆ. ನಕ್ಕನಂತೆ. ಹುಲ್ಲು ಬೆಳೆಯುವುದನ್ನು ದಾರಿ ಎನ್ನುವುದಿಲ್ಲ, ಮಳೆ ಮುಗಿಸಿಕೊಂಡು ದೀಪಾವಳಿಗೆ ಬರುತ್ತೇನೆ, ಅಷ್ಟರೊಳಗೆ ಇಲ್ಲೊಂದು ಬಂಡಿ ಜಾಡು ಕಂಡರೆ ನಕ್ಷೆಯಲ್ಲಿ ಬರೆಯುತ್ತೇನೆ, ಇಲ್ಲವಾದರೆ ಗಂಟುಮೂಟೆ ಕಟ್ಟಿ ಎಂದನಂತೆ.

ಊರಲ್ಲಿ ಒಂದೂ ಬಂಡಿ ಇರಲಿಲ್ಲ. ಅದು ಸಾಹೇಬನಿಗೂ ಗೊತ್ತಿತ್ತಂತೆ.

ಊರವರು ತಲೆಯ ಮೇಲೆ ಕೈಹೊತ್ತು ಕೂತರು. ರಾಚಮ್ಮ ಮಾತ್ರ ಸೈಕಲ್ ಒರೆಸುತ್ತ, ಚಕ್ರ ಇದ್ದದ್ದೆಲ್ಲ ಬಂಡಿಯೇ ಎಂದಳಂತೆ. ಎತ್ತೆಲ್ಲಿ ಎಂದು ಊರ ಯಜಮಾನ ಗುರುಮಲ್ಲಪ್ಪ ಗೇಲಿ ಮಾಡಿದಾಗ, "ನಾನೇ ಕನ ಎತ್ತು, ಬೇಕಾದ್ರೆ ನೀನೂ ಬಂದು ನೊಗಕ್ಕೆ ಕತ್ತು ಕೊಡು ಮಾವ" ಅಂದಳಂತೆ.

ಮರುದಿನದಿಂದ ಅವಳಿಗೆ ಸಾಣೆ ನೆಪವಾಯಿತು, ಸುತ್ತು ಕೆಲಸವಾಯಿತು. ಮಳೆ ಹಿಡಿಯಿತು, ಅವಳು ಸುತ್ತಿದಳು. ಕೆಸರು ಹಿಮ್ಮಡಿ ಹಿಡಿದೆಳೆಯಿತು, ಅವಳು ಸುತ್ತಿದಳು. ಟ್ಯೂಬು ಒಡೆದರೆ ಟೈರಿಗೆ ಹುಲ್ಲು ತುರುಕಿಕೊಂಡು ಸುತ್ತಿದಳಂತೆ. ಒಂಟಿಸಲಗವೊಂದು ಅಡ್ಡ ನಿಂತಾಗ ಬೆಲ್ಲು ಹೊಡೆದಳಂತೆ, ಅದು ನಾಚಿಕೊಂಡು ಪಕ್ಕಕ್ಕೆ ಸರಿಯಿತಂತೆ. ಆನೆ ನಾಚಿಕೊಳ್ಳುತ್ತದೆಯೇ ಎಂದು ನಾನು ಬಾಯಿ ಹಾಕಿದೆ. "ನೀ ಇದ್ದಾ ಅಲ್ಲಿ?" ಎಂದಳು ದೊಡ್ಡತಾಯಮ್ಮ.

ಗರಿಕೆ ಚಿಗುರಿದಲ್ಲೆಲ್ಲ ಅವಳ ಚಕ್ರ ಹರಿಯಿತು. ಗೆರೆ ಕೆಂಪಾಯಿತು, ಗಟ್ಟಿಯಾಯಿತು. ಆದರೆ ಮಳೆ ಇನ್ನೂ ಇರುವಾಗಲೇ ಹಳ್ಳದ ದಂಡೆ ಕುಸಿದು ರಾಚಮ್ಮನ ಕಾಲು ಮುರಿಯಿತಂತೆ. ಪಟ್ಟಿ ಕಟ್ಟಿ ಮಲಗಿಸಿದರು. ಮಲಗಿದಲ್ಲಿಂದಲೇ ಅವಳು, ಹುಲ್ಲು ಬಂತೇ, ಹುಲ್ಲು ಬಂತೇ ಎಂದು ಕೇಳುತ್ತಿದ್ದಳಂತೆ.

ಹುಲ್ಲು ಬರುತ್ತಿತ್ತು.

ಊರಲ್ಲಿ ಇನ್ನೊಬ್ಬರಿಗೆ ಸೈಕಲ್ ಬಾರದು. ಹತ್ತಿದವರೆಲ್ಲ ಬಿದ್ದರು. ಕೊನೆಗೆ ಗುರುಮಲ್ಲಪ್ಪನೇ ಹ್ಯಾಂಡಲ್ ಹಿಡಿದು ತಳ್ಳಿಕೊಂಡು ಹೊರಟನಂತೆ. ಅಲ್ಲೇ ಅವರಿಗೊಂದು ಭಯ ಹತ್ತಿತು. ಸಾಹೇಬ ಕೇಳಿದ್ದು ಬಂಡಿ ಜಾಡು, ಚಕ್ರದ ಗೆರೆಯ ಮೇಲೆ ಮನುಷ್ಯರ ಹೆಜ್ಜೆ ಕಂಡರೆ ಇದು ಕಾಲುದಾರಿ ಎಂದು ಹೊಡೆದುಹಾಕಿಬಿಟ್ಟರೆ? ಆದ್ದರಿಂದ ಗೆರೆಯ ಮೇಲೆ ಯಾರೂ ಕಾಲಿಡಬಾರದು ಎಂದು ಕಟ್ಟು ಮಾಡಿಕೊಂಡರಂತೆ. ಎಡಕ್ಕೆ ಸಾಣೆ ಪೆಟ್ಟಿಗೆ ಅಡ್ಡ. ಉಳಿದದ್ದು ಬಲಗಡೆ, ಅಂದರೆ ಕಾಡಿನ ಕಡೆ, ಅಂದರೆ ಮುಳ್ಳು. ಗಂಡಸರು ತಳ್ಳಿದರು, ಹೆಂಗಸರು ತಳ್ಳಿದರು, ಸೊಸೆ ಸೋತಲ್ಲಿ ಅತ್ತೆ ಹ್ಯಾಂಡಲ್ ಹಿಡಿದಳು. ಚಕ್ರ ಗೆರೆಯ ಮೇಲೆ, ಕಾಲು ಮುಳ್ಳಿನ ಮೇಲೆ. ಇಷ್ಟೊಂದು ಪೆದ್ದುತನವನ್ನು ಇಷ್ಟು ಹಟದಿಂದ ಮಾಡಿದ ಊರು ನಾನು ತಿರುಗಿದ ಯಾವ ದೇಶದಲ್ಲೂ ಇಲ್ಲ.

ದೀಪಾವಳಿಗೆ ಸಾಹೇಬ ಬಂದನಂತೆ. ಕುದುರೆಯಿಂದ ಇಳಿಯದೆಯೇ ನಕ್ಷೆ ಬಿಡಿಸಿದ. ನಕ್ಷೆಯಲ್ಲಿ ಬಂಡಿ ಜಾಡಿಗೆ ಎರಡು ಗೆರೆ ಎಳೆಯುತ್ತಾರೆ, ಬಂಡಿಗೆ ಎರಡು ಗಾಲಿ, ಸೈಕಲ್ಲಿನದು ಒಂದೇ ಗೆರೆ, ಒಂದು ಗೆರೆಯನ್ನು ಯಾವ ಸರ್ಕಾರವೂ ಜಾಡು ಎನ್ನುವುದಿಲ್ಲ ಎಂದನಂತೆ. ಬೇಸಿಗೆಯಲ್ಲಿ ಹೇಳಬಹುದಾಗಿದ್ದ ಮಾತು ಅದು. ಹೇಳದೆ ಇಟ್ಟುಕೊಂಡಿದ್ದ.

ಊರವರೆಲ್ಲ ನಕ್ಷೆಯತ್ತ ಕತ್ತು ಚಾಚಿದರಂತೆ. ಕಂಬಳಿಯಲ್ಲಿ ಕೂರಿಸಿ ನಾಲ್ವರು ಹೊತ್ತು ತಂದಿದ್ದ ರಾಚಮ್ಮ ಮಾತ್ರ ನೆಲ ನೋಡುತ್ತಿದ್ದಳು. ನೋಡುತ್ತ ನೋಡುತ್ತ ನಗಲು ಶುರುಮಾಡಿದಳಂತೆ.

"ಸಾಮಿ, ಕುದುರೆ ಮ್ಯಾಲಿಂದ ಸರಿಯಾಗಿ ಕಾಣಕಿಲ್ಲ. ಇಳ್ದು ಎಣಿಸ್ಕಳಿ."

ಸಾಹೇಬ ಇಳಿದ. ಎಡಕ್ಕೆ ಚಕ್ರ ಹರಿದ ಗೆರೆ. ಅದರ ಪಕ್ಕಕ್ಕೆ, ಉದ್ದಕ್ಕೂ ಒಂದೇ ಅಂತರದಲ್ಲಿ, ಮುಳ್ಳನ್ನೂ ಹುಲ್ಲನ್ನೂ ತುಳಿದು ತುಳಿದು ಕೆಂಪಗೆ ಗಟ್ಟಿಯಾದ ಇನ್ನೊಂದು ಗೆರೆ. ಒಂದು, ಎರಡು. ಮುಂದೆ ನಡೆದು ನೋಡಿದ, ಅಲ್ಲೂ ಎರಡು. ಹಳ್ಳ ದಾಟಿ ನೋಡಿದ, ಅಲ್ಲೂ ಎರಡು. ಬಂಡಿ ಎಲ್ಲಿ ಎಂದು ಅವನು ಕೇಳಲಿಲ್ಲವಂತೆ. ಊರವರ ಕಾಲುಗಳನ್ನು ನೋಡಿದವನು ಮಸಿಕುಡಿಕೆ ತೆಗೆದನಂತೆ.

ಬೇಲಿ ಜಾಡಿನಿಂದ ಆಚೆಗೆ ಸರಿಯಿತು. ಕಕ್ಕೆಮೋಳೆ ಉಳಿಯಿತು.

ಜಾಡಿನ ಬಹುಪಾಲಿಗೆ ಈಗ ಟಾರು ಬಿದ್ದಿದೆ. ಅದರ ಮೇಲೆಯೇ ಭಾನುವಾರದ ಸವಾರರು ಸುತ್ತುವುದು. ಕಕ್ಕೆಮೋಳೆಯ ಕಡೆಯ ತುಂಡನ್ನು ಮಾತ್ರ ಊರವರು ಮಣ್ಣಾಗಿಯೇ ಉಳಿಸಿಕೊಂಡಿದ್ದಾರೆ. ಆರಿದ್ರೆ ಮಳೆ ಬಿದ್ದ ಮೇಲೆ ಕಾಡ ಸುತ್ತಿನ ಊರುಗಳವರೆಲ್ಲ ಅಲ್ಲಿ ಸೇರುತ್ತಾರೆ. ಮೋಟರ್‌ಸೈಕಲ್ ಇದ್ದವರೂ ಎಂಜಿನ್ ಆರಿಸಿ, ಚಕ್ರವನ್ನು ಎಡಗೆರೆಗೆ ಬಿಟ್ಟು, ತಾವು ಬರಿಗಾಲಲ್ಲಿ ಬಲಗೆರೆ ತುಳಿದು ತಳ್ಳುತ್ತಾರೆ. ಮಿಕ್ಕ ದಿನಗಳಲ್ಲಿ ಆ ಕೆಲಸ ದಾರಿಹೋಕರದು. ಈ ಸೀಮೆಯಲ್ಲಿ ದಾರಿ ಕೇಳಿದವರೆಲ್ಲ ರಾಚಮ್ಮನಿಗೆ ಒಂದು ಸುತ್ತು ಸಾಲ.

"ನೀ ಎರಡು ಸರ್ತಿ ಕೇಳ್ದೆ. ಓಗ್ಲಿ, ಒಂದ ಬುಟ್ಟಿವ್ನಿ" ಎಂದು ದೊಡ್ಡತಾಯಮ್ಮ ಮತ್ತೆ ಹುಣಸೆಹಣ್ಣು ಬಡಿಯತೊಡಗಿದಳು.

ಎಷ್ಟೋ ಊರುಗಳಲ್ಲಿ ದಾರಿ ಕೇಳಿದ್ದೇನೆ. ಕೆಲವರು ತಪ್ಪು ಹೇಳಿದ್ದಾರೆ, ಒಬ್ಬ ಮದುವೆಯಾಗುತ್ತೀಯಾ ಎಂದಿದ್ದಾನೆ. ಸಾಲ ಹೊರಿಸಿದವರು ಇವರೇ ಮೊದಲು. ಎಡಕ್ಕೆ ಹ್ಯಾಂಡಲ್ ತಿರುಗಿಸಿದೆ. ಕಾಡು ಬಲಕ್ಕೆ ಬಂತು. ಕೆರೆ ಏರಿ, ರಾಗಿ ಹೊಲ, ಇಳಿಜಾರು, ಮತ್ತೆ ಉಸಿರು ಕೀಳುವ ಏರು. ಬಿಸಿಲು ಓರೆಯಾಗುವ ಹೊತ್ತಿಗೆ ಟಾರು ಮುಗಿದು ಮಣ್ಣು ಸಿಕ್ಕಿತು.

ಎಡಗೆರೆ ನುಣ್ಣಗಿತ್ತು, ಸವಾರರ ಚಕ್ರಗಳ ದೆಸೆಯಿಂದ. ಬಲಗೆರೆಯಲ್ಲಿ ಗರಿಕೆ ಚಿಗುರಿತ್ತು.

ಇಳಿದೆ. ಬೂಟು ಬಿಚ್ಚಿ ಹ್ಯಾಂಡಲ್ಲಿಗೆ ನೇತುಹಾಕಿದೆ. ಚಕ್ರವನ್ನು ಎಡಗೆರೆಗೆ ಬಿಟ್ಟು, ಗರಿಕೆಯ ಮೇಲೆ ಕಾಲಿಟ್ಟು ತಳ್ಳತೊಡಗಿದೆ.