ಸವೆದ ಮಗ್ಗುಲು

ಹೊಳೆದಂಡೆಯ ಆಶ್ರಮಕ್ಕೆ ಒಂದು ಪ್ರಾರ್ಥನೆಯ ಮನೆ ಬೇಕಾಗಿತ್ತು. ಅದೇ ಹೊತ್ತಿಗೆ ಹರಿಗೋಲು ಕಟ್ಟೆಯಿಂದ ಪೇಟೆಗೆ ಹೋಗುವ ಹಳೆಯ ಚಪ್ಪಡಿ ರಸ್ತೆಯನ್ನು ಕಿತ್ತು ಸಿಮೆಂಟ್ ರಸ್ತೆ ಮಾಡುತ್ತಿದ್ದರು. ಕಿತ್ತ ಕಲ್ಲು ಹೊಳೆಯ ಪಾಲಾಗುವುದರಲ್ಲಿತ್ತು.

ಗುರುಗಳು ಅದನ್ನೆಲ್ಲ ಬಂಡಿಯಲ್ಲಿ ಹೇರಿಸಿ ತಂದರು.

"ಇರೋ ಕಲ್ಲು ಬಿಟ್ಟು ಗುಡ್ಡ ಯಾಕೆ ಒಡೀಬೇಕು? ಕೊಟ್ರೇಶ, ಗೋಡೆ ಎಬ್ಬಿಸೋ ಕೆಲಸ ನಿಂದು."

ಶಿಷ್ಯ ಕೊಟ್ರೇಶನ ಮುಖ ಸಪ್ಪಗಾಯಿತು. ಅವನಪ್ಪ ಹಾಲಪ್ಪ ಜೀವಮಾನವೆಲ್ಲ ಬರಿಗಾಲಲ್ಲಿ ಅದೇ ರಸ್ತೆಯ ಮೇಲೆ ಮೂಟೆ ಹೊತ್ತವನು. ಆಶ್ರಮದಲ್ಲಿ ಇದು ಯಾರಿಗೂ ತಿಳಿಯಬಾರದೆಂದು "ನೀನು ಅತ್ತ ಬರಬೇಡಪ್ಪಾ" ಎಂದು ಮಗ ಹೇಳಿ ಬಂದಿದ್ದ. ಮುದುಕ ಹೂಂ ಅಂದಿದ್ದ. ಒಂದು ದಿನವೂ ಬರಲಿಲ್ಲ.

ಪ್ರತಿ ಕಲ್ಲಿನ ಒಂದು ಮಗ್ಗುಲು ಜನರ ಕಾಲು ತಾಗಿ ತಾಗಿ ನುಣ್ಣಗಾಗಿತ್ತು. ಕೊಟ್ರೇಶ ಆ ಮಗ್ಗುಲನ್ನು ಗಾರೆಯೊಳಗೆ ಮುಚ್ಚಿ, ಒರಟು ಮಗ್ಗುಲನ್ನು ಹೊರಗೆ ಮಾಡಿದ. ನೋಡಿದವರು ಹೊಸ ಕಲ್ಲು ಅನ್ನಬೇಕು.

ಗೋಡೆ ಎದೆಮಟ್ಟ ಬಂತು. ಒಂದು ಮಳೆ ಹೊಡೆಯಿತು. ಬೆಳಿಗ್ಗೆ ನೋಡಿದರೆ ಗೋಡೆ ಮಕಾಡೆ ಮಲಗಿತ್ತು.

"ಹಾಳು ಕಲ್ಲು!" ಕೊಟ್ರೇಶ ಸಿಡುಕಿದ. "ಗುರುಗಳೇ, ಜನ ತುಳಿದದ್ದು ಇದು. ದೇವರ ಮನೆಗೆ ಆಗಿಬರೋದಿಲ್ಲ."

ಗುರುಗಳು ಬಿದ್ದ ಕಲ್ಲೊಂದನ್ನು ಎತ್ತಿ ಅವನ ಕೈಗಿತ್ತರು. "ಗಾರೆ ಹಿಡಿದಿದೆಯಾ ನೋಡು."

ನುಣುಪಿನ ಮೇಲೆ ಗಾರೆ ಒಂದಿಷ್ಟೂ ಉಳಿದಿರಲಿಲ್ಲ.

"ಇಲ್ಲ."

"ಹಿಡಿಯೋ ಮಗ್ಗುಲು ಹೊರಗಿಟ್ಟೆ, ಹಿಡಿಯದ್ದನ್ನ ಒಳಗೆ ಮುಚ್ಚಿದೆ. ಕಲ್ಲಾದರೂ ಏನು ಮಾಡೀತು?"

"ಸವೆದದ್ದು ಎಲ್ಲರಿಗೂ ಕಾಣ್ತದಲ್ಲ, ಗುರುಗಳೇ!"

"ಕಾಣಲಿ."

ಕೊಟ್ರೇಶ ಮುಖ ಊದಿಸಿಕೊಂಡೇ, ಸವೆದ ಮಗ್ಗುಲು ಹೊರಗೆ ಮಾಡಿ ಮತ್ತೆ ಕಟ್ಟಿದ. ಗುರುಗಳು ಪಕ್ಕದಲ್ಲಿ ಕೂತು ಗಾರೆ ಕಲಸಿಕೊಟ್ಟರು. ಮಳೆಗಾಲವೆಲ್ಲ ಸುರಿಯಿತು, ಗೋಡೆ ಜಗ್ಗಲಿಲ್ಲ.

ಮನೆ ಮುಗಿದ ದಿನ ಕೊಟ್ರೇಶ ಗೋಡೆಯ ಮೇಲೆ ಕೈಯಾಡಿಸಿದ. ಒಂದು ಕಲ್ಲಿನ ನಡುವೆ ತಗ್ಗು ಬಿದ್ದಿತ್ತು. ಅಪ್ಪನ ಒಡೆದ ಹಿಮ್ಮಡಿ ನೆನಪಾಯಿತು. ತನ್ನ ಮೇಲೆ ತನಗೇ ನಾಚಿಕೆಯಾಯಿತು.

ತಲೆ ತಗ್ಗಿಸಿ ಕೇಳಿದ, "ಗುರುಗಳೇ, ನಾಳೆ ಮೊದಲ ದೀಪ ಯಾರು ಹಚ್ಚಬೇಕು?"

ಗುರುಗಳು ಕೈಗೆ ಅಂಟಿದ ಗಾರೆ ತೊಳೆದುಕೊಳ್ಳುತ್ತಿದ್ದರು.

"ಈ ಕಲ್ಲು ಸವೆಸಿದವರೇ ಹಚ್ಚಲಿ. ಅವತ್ತು ಇವನ್ನೆಲ್ಲ ಬಂಡಿಗೆ ಹೇರಿಕೊಟ್ಟು, ಆಶ್ರಮಕ್ಕೆ ಬಾರಪ್ಪಾ ಅಂದರೆ ಮಾತ್ರ ಒಲ್ಲೆ ಅಂದನಲ್ಲ ಒಬ್ಬ ಮುದುಕ, ನೀನು ಕರೆದರೆ ಬಂದಾನು."