ಅರ್ಧ ತಲೆಯ ಅದ್ವೈತ

ಮಠದ ಸ್ವಾಮಿಗಳು ಚಾತುರ್ಮಾಸ್ಯಕ್ಕೆ ಕೂರುವ ದಿನ ಅದು. ವ್ರತ ಹಿಡಿದ ಮೇಲೆ ಎರಡು ತಿಂಗಳು ತಲೆಗೆ ಕತ್ತಿ ಸೋಕುವಂತಿಲ್ಲ. ಹಾಗಾಗಿ ಬೆಳಿಗ್ಗೆಯೇ ಹಿತ್ತಲ ಬಾವಿಕಟ್ಟೆಯಲ್ಲಿ ಕೂತರು. ಕ್ಷೌರದ ಕೆಂಚಪ್ಪ ಕತ್ತಿ ಮಸೆದು ಶುರುಮಾಡಿದ.

ಬಲಗಡೆ ಮುಗಿಯುವ ಹೊತ್ತಿಗೆ ಮೆಲ್ಲಗೆ ಕೇಳಿದ. "ಬುದ್ಧಿ, ನನ್ನ ಹೆಂಡತಿ ಜ್ವರದಲ್ಲಿ ಸಾಯೋ ಹಾಗಾಗಿದ್ದಳು. ಬದುಕಿದರೆ ದೇವರೆದುರು ನಿಂತು ಕೈಮುಗೀತೀನಿ ಅಂತ ಹರಕೆ ಹೊತ್ತಿದ್ದಾಳೆ. ಕೆಲಸಕ್ಕಲ್ಲದೆ ನಮ್ಮಂಥವರು ಒಳಗೆ ಬರೋ ಹಾಗಿಲ್ಲ ಅಂತ ಅವಳನ್ನ ಗೇಟಿನಲ್ಲೇ ತಡೆದಿದ್ದಾರೆ."

ಸ್ವಾಮಿಗಳು ಕಣ್ಣು ಮುಚ್ಚಿಕೊಂಡೇ ಉಪದೇಶ ಕೊಟ್ಟರು. "ಜೀವಾತ್ಮ, ಪರಮಾತ್ಮ ಎರಡೂ ಒಂದೇ ಚೈತನ್ಯ ಕಣಯ್ಯ. ಅದಕ್ಕೆ ಒಳಗು ಹೊರಗು ಅಂತಿಲ್ಲ. ಗೇಟಿನಾಚೆಯಿಂದಲೇ ಮುಗಿಯಲಿ, ಸಲ್ಲುತ್ತೆ."

ಕೆಂಚಪ್ಪ ಕತ್ತಿ ಒರೆಸಿಕೊಂಡು ಎದ್ದ. ನೆಟ್ಟಗೆ ಗೇಟಿನಾಚೆ ಹೋಗಿ, ಹೆಂಡತಿಯ ಪಕ್ಕ ಕೂತು, ಗಾಳಿಯಲ್ಲಿ ಕತ್ತಿ ಆಡಿಸತೊಡಗಿದ.

ಮಠದ ಮೇನೇಜರು ಓಡಿಬಂದರು. "ಏನಯ್ಯಾ ಇದು? ಮುಹೂರ್ತ ಮೀರ್ತಿದೆ, ಅಲ್ಲಿ ಅರ್ಧ ತಲೆ ಹಾಗೇ ಇದೆ."

"ಬೋಳಿಸ್ತಾ ಇದೀನಲ್ಲ ಸ್ವಾಮಿ. ಒಳಗು ಹೊರಗು ಇಲ್ಲ ಅಂತ ಬುದ್ಧಿಯವರೇ ಹೇಳಿದ್ರು. ಇಲ್ಲಿಂದಲೇ ಸಲ್ಲುತ್ತೆ."

ಸುದ್ದಿ ಕೇಳಿ ಸ್ವಾಮಿಗಳು ತಲೆ ಮುಟ್ಟಿ ನೋಡಿಕೊಂಡರು. ಎಡಗಡೆಯ ಕೂದಲು ಒಂದೂ ಸಂದಿರಲಿಲ್ಲ. "ಇಬ್ಬರನ್ನೂ ಒಳಗೆ ಬಿಡಿ" ಎಂದರು ಹಲ್ಲು ಕಚ್ಚಿಕೊಂಡು.

ಹೆಂಡತಿ ದೇವರನ್ನು ಕಣ್ತುಂಬ ನೋಡಿ ಬಂದ ಮೇಲೆಯೇ ಕೆಂಚಪ್ಪ ಬಾವಿಕಟ್ಟೆಗೆ ಮರಳಿದ. ಸ್ವಾಮಿಗಳು ಸಿಟ್ಟಿನಿಂದ ನಡುಗುತ್ತಿದ್ದರು.

"ಅಲ್ಲಾಡಬೇಡಿ ಬುದ್ಧಿ" ಎಂದ ಕೆಂಚಪ್ಪ, ಕಿವಿಯ ಹಿಂದೆ ಕತ್ತಿಯಿಟ್ಟು. "ಚೈತನ್ಯಕ್ಕೆ ಏನೂ ಆಗಲ್ಲ. ಕಿವಿ ಮಾತ್ರ ಹೋಗುತ್ತೆ."