ಹಿಂದಿನಿಂದ ಕರೆಯದವಳು

"ಗುರುಗಳೇ, ಯಾವ ನಾಡಿನವರ ಪ್ರೀತಿ ನಿಜವಾದದ್ದು?" ಎಂದು ಶಿಷ್ಯ ಕೇಳಿದ.

ಅವನು ಮಠಕ್ಕೆ ಬರುವ ಮುಂಚೆ ಒಂಬತ್ತು ವರ್ಷ ವ್ಯಾಪಾರಿಗಳ ಜೊತೆ ದೇಶ ದೇಶ ತಿರುಗಿದವನು. ಒಂದು ನಾಡಿನಲ್ಲಿ ಗಂಡು ಹೆಣ್ಣು ಸಂತೆಯ ನಡುವೆ ಕೈ ಹಿಡಿದು ನಡೆಯುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ ಎಂದ. ಇನ್ನೊಂದು ನಾಡಿನಲ್ಲಿ ಮದುವೆಯ ದಿನದವರೆಗೆ ಒಬ್ಬರ ಮುಖ ಒಬ್ಬರು ಕಂಡಿರುವುದಿಲ್ಲ. ಆಮೇಲೆ ಒಬ್ಬರು ತೀರಿಕೊಂಡರೆ ಇನ್ನೊಬ್ಬರು ಅನ್ನ ಬಿಡುತ್ತಾರೆ ಎಂದ. ಬೆಟ್ಟದ ಮೇಲಿನ ಒಂದು ನಾಡಿನಲ್ಲಿ ಹುಡುಗಿಯೇ ಹುಡುಗನ ಮನೆಗೆ ಹೋಗಿ ಕೇಳುತ್ತಾಳೆ, ಅವನು ಒಪ್ಪದಿದ್ದರೆ ಕೊಟ್ಟ ಮಜ್ಜಿಗೆ ಕುಡಿದು ನಗುತ್ತಾ ಎದ್ದು ಬರುತ್ತಾಳೆ. ಎಲ್ಲರೂ ತಮ್ಮದೇ ಪ್ರೀತಿ, ಉಳಿದವರದು ಬರೀ ಆಟ ಎನ್ನುತ್ತಾರೆ. ಅಷ್ಟೂ ನಿಜವಾಗಿರಲು ಹೇಗೆ ಸಾಧ್ಯ ಎಂಬುದು ಅವನ ಸಂದೇಹ.

ಗುರುಗಳು ಈ ಕತೆ ಹೇಳಿದರು.

ಕರಾವಳಿಯ ಒಂದು ಬಂದರಿಗೆ ಕಡಲಾಚೆಯಿಂದ ಕುದುರೆಗಳು ಬರುತ್ತಿದ್ದವು. ವಾರಗಟ್ಟಲೆ ಹಡಗಿನಲ್ಲಿ ನಿಂತೇ ಬಂದ ಕುದುರೆಗಳು ಇಳಿಯುವ ಹೊತ್ತಿಗೆ ಅರ್ಧ ಜೀವವಾಗಿರುತ್ತಿದ್ದವು. ಒಂದು ವರ್ಷ ಅವುಗಳ ಜೊತೆ ಒಬ್ಬ ಕುದುರೆ ವೈದ್ಯ ಬಂದ. ದಾರಾಬ ಎಂದು ಅವನ ಹೆಸರು. ಬಂದರಿನ ಲಾಯದ ಯಜಮಾನನ ಹೆಣ್ಣು ಕುದುರೆ ಹೊಟ್ಟೆನೋವಿನಿಂದ ನೆಲ ಹಿಡಿದಾಗ ಅವನು ನಾಲ್ಕು ದಿನ ಅದರ ಪಕ್ಕದಲ್ಲೇ ಕುಳಿತು ಬದುಕಿಸಿದ. ಯಜಮಾನನಿಗೆ ಒಬ್ಬಳೇ ಮಗಳು, ಜಕ್ಕವ್ವ. ಮೂಕ ಪ್ರಾಣಿಗೆ ಇಷ್ಟು ಮರುಗುವವನು ಹೆಂಡತಿಯನ್ನು ನೋಯಿಸಲಾರ ಎಂದುಕೊಂಡ ಯಜಮಾನ ಮಗಳನ್ನು ಅವನಿಗೇ ಕೊಡಲು ಮನಸ್ಸು ಮಾಡಿದ. ತಾಯಿ ಮಗಳನ್ನು ಕೇಳಿದಳು. ಮಗಳು ನೆಲ ನೋಡಿದಳು. ಆ ಮನೆಯಲ್ಲಿ ಅದೇ ಒಪ್ಪಿಗೆ. ದಾರಾಬನೂ ದೂರದಲ್ಲಿ ನಿಂತು ಅದನ್ನು ನೋಡಿದ್ದ. ಅವನಿಗೆ ಅವಳು ತಲೆ ಎತ್ತಲಿಲ್ಲ ಎಂಬುದಷ್ಟೇ ಕಂಡಿತು. ಮದುವೆ ನಡೆಯಿತು, ಅವನು ಆ ಊರಿನಲ್ಲೇ ನೆಲೆನಿಂತ.

ಅವನ ನಾಡಿನಲ್ಲಿ ಪ್ರೀತಿಯನ್ನು ಬಾಯಿಬಿಟ್ಟು ಹೇಳಬೇಕು. ಗಂಡ ಹೆಂಡತಿಯ ಹೆಸರನ್ನು ಬೀದಿಗೆ ಕೇಳುವಂತೆ ಕರೆಯುತ್ತಾನೆ, ಅವಳೂ ಹಾಗೆಯೇ ಕರೆಯುತ್ತಾಳೆ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಾರೆ. ಬೇರೆಯಾಗಿ ಉಣ್ಣುವವರು ಮನೆಯ ಆಳುಗಳು. ಜಕ್ಕವ್ವನ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಅವನ ಊಟವಾದ ಮೇಲೆ ಉಣ್ಣುತ್ತಾಳೆ. ನಾಲ್ಕು ಜನರ ಎದುರು ಗಂಡ ಹೆಂಡತಿ ಮುಖ ಕೊಟ್ಟು ನೋಡುವುದೂ ಇಲ್ಲ.

ಸಂಜೆ ಲಾಯದಿಂದ ಬರುವಾಗ ದಾರಾಬ ಬೀದಿಯ ತುದಿಯಿಂದಲೇ "ಜಕ್ಕವ್ವ" ಎಂದು ಕೂಗುತ್ತಿದ್ದ. ನೆರೆಯವರು ನಗುತ್ತಿದ್ದರು. ಅವಳು ನಾಚಿ ಒಳಗೆ ಓಡುತ್ತಿದ್ದಳು. ಬಾಗಿಲಿಗೆ ಬಂದ ಅವನಿಗೆ ದಿನವೂ ಕಾಣುತ್ತಿದ್ದುದು ಅವಳ ಬೆನ್ನು. ಒಮ್ಮೆ ಬಾವಿಕಟ್ಟೆಯ ಬಳಿ ಹೆಂಗಸರೆಲ್ಲ ಇರುವಾಗಲೇ, ಈ ಊರಿನಲ್ಲಿ ನಿನ್ನಷ್ಟು ಚೆಲುವೆ ಇಲ್ಲ ಎಂದುಬಿಟ್ಟ. ಅವಳು ಮೂರು ದಿನ ನೀರಿಗೆ ಹೋಗಲಿಲ್ಲ. ಇಷ್ಟು ಸಲೀಸಾಗಿ ಬಾಯಿಗೆ ಬರುವ ಮಾತು ಮನಸ್ಸಿನಿಂದ ಬರುವುದು ಹೌದೇ ಎಂದು ಅವಳಿಗೆ ಅನುಮಾನ. ಊಟಕ್ಕೆ ಕುಳಿತಾಗ ಅವನು ಪಕ್ಕಕ್ಕೆ ಸರಿದು ಜಾಗ ಮಾಡಿ ಕಾಯುತ್ತಿದ್ದ. ಅವಳು ಬಡಿಸಿ ಕಂಬಕ್ಕೆ ಒರಗಿ ನಿಲ್ಲುತ್ತಿದ್ದಳು. ಮೀನಿನ ಒಳ್ಳೆಯ ತುಂಡುಗಳನ್ನೆಲ್ಲ ಅವನಿಗೆ ಹಾಕಿ, ತಾನು ಬರೀ ಸಾರು ಕಲಸಿಕೊಂಡು ಉಣ್ಣುತ್ತಾಳೆ ಎಂಬುದು ಅವನಿಗೆ ತಿಳಿದಿರಲಿಲ್ಲ. ಅವನಿಗೆ ಜ್ವರ ಬಂದು ಎಚ್ಚರ ತಪ್ಪಿದಾಗ ಅವಳು ಹರಕೆ ಹೊತ್ತು ಬರಿಗಾಲಿನಲ್ಲಿ ಗುಡ್ಡದ ದೇವಿಯ ಗುಡಿಗೆ ಹೋಗಿ ಬಂದಳು. ಹೊತ್ತ ಹರಕೆಯನ್ನು ಹೇಳಿಕೊಳ್ಳಬಾರದು, ಹೇಳಲಿಲ್ಲ. ಕಣ್ಣು ಬಿಟ್ಟಾಗ ಅವಳು ಪಕ್ಕದಲ್ಲಿರಲಿಲ್ಲ ಎಂಬುದೊಂದೇ ಅವನ ನೆನಪಿನಲ್ಲಿ ಉಳಿಯಿತು.

ಹೀಗೆ ಮೂರು ವರ್ಷ ಕಳೆಯಿತು. ತಂದೆಯ ಮಾತಿಗೆ ಕಟ್ಟುಬಿದ್ದು ಈ ಹುಡುಗಿ ನನ್ನ ಜೊತೆ ಇದ್ದಾಳೆ ಎಂದು ದಾರಾಬ ತೀರ್ಮಾನಿಸಿದ. ಒಲ್ಲದ ಜೀವವನ್ನು ಕಟ್ಟಿಹಾಕುವುದು ಅವನಿಂದಾಗದ ಕೆಲಸ. ಗಾಳಿ ತಿರುಗಿ ಹಡಗುಗಳು ಮರಳಿ ಹೊರಡುವ ಕಾಲ ಬಂದಾಗ, ಮನೆ ತೋಟ ಎಲ್ಲ ಅವಳಿಗೆ ಎಂದು ಮಾವನಿಗೆ ತಿಳಿಸಿ ಗಂಟು ಕಟ್ಟಿದ. ನಿನ್ನನ್ನು ಇನ್ನು ನೋಯಿಸುವುದಿಲ್ಲ, ಹೋಗುತ್ತೇನೆ ಎಂದು ಅವಳಿಗೆ ಹೇಳಿ ಅಂಗಳಕ್ಕೆ ಇಳಿದ.

ಅವನ ನಾಡಿನಲ್ಲಿ ಹೊರಟ ಗಂಡನನ್ನು ಹೆಂಡತಿ ಹೊಸ್ತಿಲಲ್ಲಿ ನಿಂತು ಹೆಸರು ಹಿಡಿದು ಕರೆಯುತ್ತಾಳೆ. ಕರೆಯದಿದ್ದರೆ ತಿರುಗಿ ಬರಬೇಡ ಎಂದು ಅರ್ಥ. ಅವನು ನಿಧಾನವಾಗಿ ನಡೆದ. ತಿರುವಿನಲ್ಲಿ ಎರಡು ಸಲ ನಿಂತ. ಜಕ್ಕವ್ವ ಹೊಸ್ತಿಲಲ್ಲೇ ಇದ್ದಳು. ಕರೆಯಲು ಬಂದ ದನಿಯನ್ನು ಸೆರಗು ಕಚ್ಚಿ ತಡೆದಳು. ಹೊರಟವರನ್ನು ಹಿಂದಿನಿಂದ ಕರೆದರೆ ಅಪಶಕುನ, ಅವನು ಹೊರಟದ್ದು ಕಡಲಿಗೆ. ಹಾಯಿ ಕಣ್ಮರೆಯಾಗುವವರೆಗೆ ಅವಳು ದಡದಲ್ಲಿ ನಿಂತಿದ್ದಳೆಂದು ನೋಡಿದವರು ಹೇಳಿದರು.

ಎರಡನೆಯ ದಿನ ಎದುರುಗಾಳಿ ಎದ್ದು, ಹಡಗು ಒಂದು ನದಿಯ ಬಾಯಿಯಲ್ಲಿ ಲಂಗರು ಹಾಕಿತು. ಊಟಕ್ಕೂ ಬಾರದೆ ಒಂದು ಮೂಲೆಯಲ್ಲಿ ಕುಳಿತಿದ್ದ ದಾರಾಬನನ್ನು ಹಡಗಿನ ನಾವಿಕನೊಬ್ಬ ಮಾತಾಡಿಸಿದ. ಅವನು ಈ ಕಡೆಯ ಕರಾವಳಿಯವನೇ. ದಾರಾಬ ಎಲ್ಲವನ್ನೂ ಹೇಳಿ, ಹೊರಟಾಗ ಒಂದು ಸಲವಾದರೂ ಅವಳು ಕರೆಯಲಿಲ್ಲ ಎಂದ.

"ಹೊರಡುವಾಗ ನೀವು ಏನು ಹೇಳಿದಿರಿ?" ಎಂದು ನಾವಿಕ ಕೇಳಿದ.

"ಹೋಗುತ್ತೇನೆ ಎಂದೆ."

ನಾವಿಕ ಹಣೆಗೆ ಕೈ ಹಚ್ಚಿಕೊಂಡ. "ನಮ್ಮಲ್ಲಿ ಹೊರಡುವವನು ಬರುತ್ತೇನೆ ಎನ್ನುತ್ತಾನೆ. ಹೋಗುತ್ತೇನೆ ಎಂದರೆ ಮತ್ತೆ ಬರುವುದಿಲ್ಲ ಎಂದೇ ಅರ್ಥ. ಅಂಥ ಮಾತು ಕೇಳಿಯೂ ಆಕೆ ನಿಮ್ಮನ್ನು ಹಿಂದಿನಿಂದ ಕರೆಯಲಿಲ್ಲ ಎಂದರೆ, ನೀವು ಬಿಟ್ಟು ಹೋದರೂ ಸರಿ, ಕಡಲಲ್ಲಿ ನಿಮಗೆ ಕೇಡಾಗಬಾರದು ಎಂದು ಬಾಯಿ ಬಿಗಿಹಿಡಿದಿದ್ದಾಳೆ. ನನ್ನ ಹೆಂಡತಿಯೂ ಇಪ್ಪತ್ತು ವರ್ಷದಿಂದ ಒಮ್ಮೆಯೂ ಕರೆದಿಲ್ಲ."

ದಾರಾಬ ಉಳಿದದ್ದನ್ನೂ ಕೇಳಿದ. ಬಾಗಿಲಿಗೆ ಬಂದಾಗ ಬೆನ್ನು ತಿರುಗಿಸುವುದೇಕೆ, ಜೊತೆಗೆ ಉಣ್ಣದೆ ನಿಲ್ಲುವುದೇಕೆ ಎಂದು ಒಂದೊಂದಾಗಿ ಕೇಳಿದ. ನಾವಿಕ ಮೊದಲು ನಗುತ್ತಾ ಉತ್ತರ ಹೇಳುತ್ತಿದ್ದ. ದಾರಾಬನ ಮುಖ ನೋಡಿದ ಮೇಲೆ ನಗಲಿಲ್ಲ. ಮಾತು ಮುಗಿದಾಗ ದಾರಾಬ ಗಂಟನ್ನು ಹಡಗಿನಲ್ಲೇ ಬಿಟ್ಟು ದಡಕ್ಕೆ ಇಳಿದ. ಮೂರು ಹೊಳೆ ದಾಟಿ ನಾಲ್ಕು ದಿನ ನಡೆದ.

ಇತ್ತ ಜಕ್ಕವ್ವ ಅತ್ತು ಕರೆದು ಮಾಡಲಿಲ್ಲ. ಎರಡನೆಯ ದಿನ ಅವಳು ಲಾಯದ ಹಿಂದೆ ರೊಟ್ಟಿ ಮಾರುತ್ತಿದ್ದ ಒಬ್ಬ ಮುದುಕಿಯ ಬಳಿ ಹೋದಳು. ಮುದುಕಿ ದಾರಾಬನ ನಾಡಿನವಳು. ನಿಮ್ಮಲ್ಲಿ ಗಂಡ ಹೊರಟಾಗ ಹೆಂಡತಿ ಏನು ಮಾಡುತ್ತಾಳೆ ಎಂದು ಜಕ್ಕವ್ವ ಕೇಳಿದಳು. ಮುದುಕಿ ಹೇಳಿದಳು. ಅವನು ತಿರುವಿನಲ್ಲಿ ಎರಡು ಸಲ ನಿಂತದ್ದು ಏಕೆ ಎಂದು ಜಕ್ಕವ್ವನಿಗೆ ಆಗ ತಿಳಿಯಿತು. ಈಗ ಕರೆದರೆ ಕೇಳಿಸುವುದೇ ಎಂದಳು. ಕೇಳಿಸುವುದಿಲ್ಲ ಮಗಳೇ, ಆದರೂ ನಮ್ಮವರು ಕರೆಯುತ್ತಾರೆ ಎಂದಳು ಮುದುಕಿ.

ಆ ಸಂಜೆ ಜಕ್ಕವ್ವ ದಡಕ್ಕೆ ಹೋದಳು. ಮೂರು ವರ್ಷದಲ್ಲಿ ಒಮ್ಮೆಯೂ ಹೇಳದ ಹೆಸರು. ಬಾಯಿ ತೆರೆದರೂ ದನಿ ಬರಲಿಲ್ಲ. ಮರುದಿನ ತನಗಷ್ಟೇ ಕೇಳುವಂತೆ ಹೇಳಿದಳು. ಅದರ ಮರುದಿನ ಬಲೆ ನೇಯುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಸುದ್ದಿ ತಿಳಿದು ತಂದೆ ಬಂದ. ಜನ ನೋಡುತ್ತಿದ್ದಾರೆ, ನಡಿ ಎಂದು ಅವಳ ಕೈ ಹಿಡಿದ. ಅವಳ ಮುಖ ನೋಡಿ ಕೈ ಬಿಟ್ಟು, ಪಕ್ಕದಲ್ಲೇ ನಿಂತ. ಮುಂದಿನ ಸಂಜೆಗಳಲ್ಲೂ ಅವಳ ಜೊತೆ ಬಂದ.

ದಾರಾಬ ಊರು ಮುಟ್ಟಿದ್ದು ಆರನೆಯ ದಿನದ ಸಂಜೆ. ಇನ್ನು ಮೇಲೆ ಬೀದಿಯಲ್ಲಿ ಕೂಗಿ ಅವಳಿಗೆ ಮುಜುಗರ ಮಾಡಬಾರದು ಎಂದು ದಾರಿಯಲ್ಲೇ ನಿಶ್ಚಯಿಸಿದ್ದ. ತಲೆ ತಗ್ಗಿಸಿಕೊಂಡು ಓಣಿಯಿಂದ ಬಂದು, ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ, ಕಾಲು ತೊಳೆದು ಗೋಡೆಗೆ ಒರಗಿ ಕುಳಿತ. ಮನೆಯಲ್ಲಿ ಯಾರೂ ಇರಲಿಲ್ಲ. ಆಗ ದಡದ ಕಡೆಯಿಂದ ಯಾರೋ ತನ್ನ ಹೆಸರು ಕರೆಯುವುದು ಕೇಳಿಸಿತು. ತನ್ನ ನಾಡಿನವರು ಯಾರೋ ಬಂದಿರಬೇಕು ಎಂದುಕೊಂಡ. ಎರಡನೆಯ ಸಲ ಕೇಳಿದಾಗ ದನಿ ಗುರುತಾಯಿತು. ಆ ದನಿಯಲ್ಲಿ ತನ್ನ ಹೆಸರನ್ನು ಅವನು ಎಂದೂ ಕೇಳಿರಲಿಲ್ಲ.

ನಿಶ್ಚಯವೆಲ್ಲ ಮರೆತುಹೋಯಿತು. "ಜಕ್ಕವ್ವ, ಜಕ್ಕವ್ವ" ಎಂದು ಕೂಗುತ್ತಲೇ ಅವನು ಬೀದಿಯುದ್ದಕ್ಕೂ ಓಡಿದ. ದಡದಲ್ಲಿ ಅವಳು ತಿರುಗಿ ನೋಡಿದಳು. ಅವನ ಹೆಸರು ಕರೆಯಲು ಐದು ದಿನ ಪಟ್ಟ ಪಾಡೆಲ್ಲ ವ್ಯರ್ಥವಾಯಿತು. ಅವನು ಎದುರಿಗೆ ಬಂದು ನಿಂತಾಗ ಅವಳ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ನಾಚಿ ಬೆನ್ನು ತಿರುಗಿಸಿದಳು. ಅವನು ಆ ಬೆನ್ನನ್ನು ನೋಡುತ್ತಾ ನಿಂತು ಅತ್ತ. ತಂದೆ ಬಲೆಯವರ ಕಡೆ ತಿರುಗಿ, ಇನ್ನು ನಿಮ್ಮ ಕೆಲಸ ನೋಡಿಕೊಳ್ಳಿ ಎಂದ.

ಆಮೇಲೆ ಅವರು ಬಹಳ ಕಾಲ ಬಾಳಿದರು. ಅವನು ಬೀದಿಯ ತುದಿಯಿಂದ ಕೂಗುವುದನ್ನು ಪೂರ್ತಿ ಬಿಡಲಿಲ್ಲ, ಅವಳು ಅದಕ್ಕೆ ಬೈಯುವುದನ್ನೂ ಬಿಡಲಿಲ್ಲ. ನೆಂಟರು ಬಂದ ದಿನ ಅವಳು ಕೊನೆಗೆ ಉಣ್ಣುತ್ತಿದ್ದಳು, ಉಳಿದ ದಿನ ಪಕ್ಕದಲ್ಲಿ ಕೂರುತ್ತಿದ್ದಳು. ಜಗಳವಾದರೆ ಒಬ್ಬರ ನಾಡನ್ನು ಇನ್ನೊಬ್ಬರು ಹಳಿಯುತ್ತಿದ್ದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು.

"ತಿಳಿಯಿತು ಗುರುಗಳೇ. ಒಬ್ಬರ ನಾಡಿನ ರೀತಿಯನ್ನು ಇನ್ನೊಬ್ಬರು ಕಲಿತಾಗಲೇ ಅದು ನಿಜವಾದ ಪ್ರೀತಿಯಾಗುವುದು" ಎಂದ.

ಗುರುಗಳು ಹೇಳಿದರು: "ಕಲಿಯುವ ಮುಂಚೆ, ಒಬ್ಬರದೊಬ್ಬರಿಗೆ ಏನೂ ತಿಳಿಯದೆ, ಮೂರು ವರ್ಷ ಒಂದೇ ಮನೆಯಲ್ಲಿ ಕಾದರಲ್ಲ, ಅದು ಯಾವ ನಾಡಿನ ರೀತಿ?"